ರನ್ನಿಂಗ್ ಮೇಟ್ ಆಯ್ಕೆಯನ್ನು ಅಳೆಯೋದು ಹೇಗೆ? ಅಪ್ಪನಿಗೆ ಹೇಳಿಕೊಟ್ಟ ಲೆಕ್ಕ

ನಾನಿರುವುದು ಪೆನ್ಸಿಲ್ವೇನಿಯಾದಲ್ಲಿ, ಅಪ್ಪ ದಾವಣಗೆರೆಯಲ್ಲಿ. ನಮ್ಮ ಭಾನುವಾರ ಬೆಳಿಗ್ಗೆ, ಅವರ ಸಂಜೆ, ಫೋನ್ ತಪ್ಪುವುದಿಲ್ಲ. 2024ರ ಜುಲೈನಲ್ಲಿ ಟ್ರಂಪ್ ತಮ್ಮ ರನ್ನಿಂಗ್ ಮೇಟ್ ಆಗಿ, ಅಂದರೆ ಜೊತೆಗೆ ನಿಲ್ಲುವ ಉಪಾಧ್ಯಕ್ಷ ಅಭ್ಯರ್ಥಿಯಾಗಿ, ಜೆ.ಡಿ. ವ್ಯಾನ್ಸ್ ಅವರನ್ನು ಆರಿಸಿಕೊಂಡ ವಾರ ಅಪ್ಪನ ಮೊದಲ ಮಾತೇ, "ಆಂಧ್ರದ ಅಳಿಯ ಅಂತಲ್ಲಮ್ಮಾ! ತೆಲುಗರ ವೋಟೆಲ್ಲ ಆ ಕಡೆಗೇ ಬಿತ್ತು ಬಿಡು."

ವ್ಯಾನ್ಸ್ ಹೆಂಡತಿ ಉಷಾ ಅವರ ತಂದೆ-ತಾಯಿ ಆಂಧ್ರದಿಂದ ಬಂದವರು, ನಿಜ. ಆದರೆ ಯಾರ ಪೈಕಿ, ಯಾವ ಊರು ಅಂತ ಶುರು ಮಾಡಿದರೆ ಲೆಕ್ಕ ಅಲ್ಲೇ ಕೆಡುತ್ತದೆ. ಆಮೇಲೆ ಅಪ್ಪನಿಗೆ ಕೂತು ಹೇಳಿಕೊಟ್ಟಿದ್ದನ್ನೇ ಇಲ್ಲಿ ಬರೆದಿದ್ದೇನೆ. 2028ಕ್ಕೆ ನಿಮಗೂ ಬೇಕಾದೀತು.

ಹೆಸರು ಹೊರಬೀಳುವ ಮುಂಚೆಯೇ ಒಂದು ನೋಟ್‌ಬುಕ್ ತೆಗೆಯಿರಿ. ಅಧ್ಯಕ್ಷ ಅಭ್ಯರ್ಥಿಗೆ ಏನು ಕಮ್ಮಿ ಇದೆ ಅಂತ ಬರೆಯಿರಿ. ಹೆಸರು ಬಂದ ಮೇಲೆ ಬರೆದರೆ ಉಪಯೋಗ ಇಲ್ಲ. ಟಿವಿಯವರು ಹೇಳಿದ್ದೇ ಸರಿ ಅನ್ನಿಸಿಬಿಡುತ್ತದೆ. 2016ರ ಟ್ರಂಪ್ ಪುಟ ಹೀಗಿರುತ್ತಿತ್ತು: ನ್ಯೂಯಾರ್ಕಿನ ವ್ಯಾಪಾರಿ, ಮೂರು ಮದುವೆ, ಒಂದು ದಿನವೂ ಸರ್ಕಾರ ನಡೆಸಿದವರಲ್ಲ, ಚರ್ಚಿಗೆ ನಡೆದುಕೊಳ್ಳುವ ಜನಕ್ಕೆ ಒಳಗೊಳಗೇ ಅನುಮಾನ. ಅವರು ಆರಿಸಿದ್ದು ಮೈಕ್ ಪೆನ್ಸ್ ಅವರನ್ನು. ಇಂಡಿಯಾನಾದ ಗವರ್ನರ್, ಹಿಂದೆ 12 ವರ್ಷ ಕಾಂಗ್ರೆಸ್ ಸದಸ್ಯ, ಕಟ್ಟಾ ಇವ್ಯಾಂಜೆಲಿಕಲ್ ಕ್ರೈಸ್ತ. ತೂತು ಇದ್ದ ಕಡೆಗೇ ತೇಪೆ.

2024ರಲ್ಲಿ ಆ ತೂತೇ ಇರಲಿಲ್ಲ. ಆ ಜನ ಆಗಲೇ ಟ್ರಂಪ್ ಕಡೆ ಗಟ್ಟಿಯಾಗಿ ನಿಂತಿದ್ದರು. ವ್ಯಾನ್ಸ್ ಅವರ ಒಹಾಯೊವನ್ನು ಟ್ರಂಪ್ ಎರಡು ಸಲ ಗೆದ್ದಾಗಿತ್ತು. ಹೊಸ ವೋಟು ತರಲಿ ಅಂತ ಮಾಡಿದ ಆಯ್ಕೆ ಅಲ್ಲ ಅದು. 78 ವರ್ಷದವರು 39ರವರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರೆ ಅದಕ್ಕೆ ವಾರಸುದಾರನ ನೇಮಕ ಅನ್ನಬೇಕು. ನನ್ನ ಮಟ್ಟಿಗೆ ಆಯ್ಕೆಯಾದವರಿಗಿಂತ ಆರಿಸಿದವರ ಬಗ್ಗೆಯೇ ಈ ಪುಟ ಜಾಸ್ತಿ ಹೇಳುತ್ತದೆ.

ಇನ್ನು ರಾಜ್ಯದ ಲೆಕ್ಕ. ಇಲ್ಲಿ ಕೂಡುವುದಲ್ಲ, ಕಳೆಯಬೇಕು. ಎಲ್ಲರೂ ಹೇಳುವ ಕಥೆ 1960ರದು. ಮ್ಯಾಸಚೂಸೆಟ್ಸ್‌ನ ಕೆನಡಿ ಟೆಕ್ಸಾಸ್‌ನ ಲಿಂಡನ್ ಜಾನ್ಸನ್ ಅವರನ್ನು ಜೊತೆಗೆ ಹಾಕಿಕೊಂಡರು, ಟೆಕ್ಸಾಸ್ ಬಂತು, ಗೆದ್ದರು. ಕಾಗದದ ಮೇಲೆ ಮಾಡಿ ನೋಡಿ. ಕೆನಡಿಗೆ ಬಂದ ಎಲೆಕ್ಟೋರಲ್ ಮತ (ರಾಜ್ಯ ಗೆದ್ದವರಿಗೆ ಸಾಮಾನ್ಯವಾಗಿ ಆ ರಾಜ್ಯದ ಪಾಲಿನದ್ದೆಲ್ಲ ಸಿಗುವ ಮತ) 303, ಆಗ ಗೆಲ್ಲಲು ಬೇಕಿದ್ದದ್ದು 269. ಟೆಕ್ಸಾಸ್‌ನ 24 ಕಳೆಯಿರಿ: 279. ಆಗಲೂ ಗೆಲುವೇ! ನಾನು ಮೊದಲ ಸಲ ಇದನ್ನು ಕಳೆದಾಗ ತಪ್ಪಾಯಿತೇನೋ ಅಂತ ಇನ್ನೊಮ್ಮೆ ಕಳೆದೆ. ಈಗ ಉತ್ತರ ಕೆರೊಲಿನಾದ 14 ಕೂಡ ಕಳೆಯಿರಿ: 265. ಸೋಲು. ಅಂದರೆ ಜಾನ್ಸನ್ ಅವರ ಬೆಲೆ ಟೆಕ್ಸಾಸ್ ಒಂದರಲ್ಲಿ ಇರಲಿಲ್ಲ, ಇಡೀ ದಕ್ಷಿಣದಲ್ಲಿತ್ತು. ಆ ಅಕ್ಟೋಬರ್‌ನಲ್ಲಿ ಅವರು ದಕ್ಷಿಣದ ರಾಜ್ಯಗಳನ್ನು ರೈಲಿನಲ್ಲೇ ಸುತ್ತಿ, ನಿಲ್ದಾಣ ನಿಲ್ದಾಣದಲ್ಲಿ ಭಾಷಣ ಮಾಡಿದ್ದು ಸುಮ್ನೆ ಅಲ್ಲ.

ನಾನೂ ಈ ಲೆಕ್ಕ ಮಾಡದೆ ಒಮ್ಮೆ ಮುಗ್ಗರಿಸಿದ್ದೇನೆ. 2024ರಲ್ಲಿ ಕಮಲಾ ಹ್ಯಾರಿಸ್ ನಮ್ಮ ಗವರ್ನರ್ ಜೋಶ್ ಶಪೀರೊ ಅವರನ್ನೇ ಆರಿಸುತ್ತಾರೆ ಅಂತ ಗೆಳತಿಯ ಜೊತೆ ಬೆಣ್ಣೆ ದೋಸೆ ಪಂಥ ಕಟ್ಟಿದ್ದೆ. ಪೆನ್ಸಿಲ್ವೇನಿಯಾಕ್ಕೆ 19 ಮತ, ಬಿಡುತ್ತಾರಾ? ಆಗಸ್ಟ್ 6ಕ್ಕೆ ಬಂದ ಹೆಸರು ಮಿನೆಸೋಟಾದ ಟಿಮ್ ವಾಲ್ಜ್. ಅವತ್ತೇ ಫಿಲಡೆಲ್ಫಿಯಾದಲ್ಲಿ ಜೋಡಿಯ ಮೊದಲ ಸಭೆ, ಅದೇ ವೇದಿಕೆಯಲ್ಲಿ ಶಪೀರೊ ಕೂಡ ಭಾಷಣ ಮಾಡಿದರು. ನಾನು ಮನೆಯಲ್ಲಿ ಆರು ಜನಕ್ಕೆ ದೋಸೆ ಹುಯ್ದೆ. ನವೆಂಬರ್‌ನಲ್ಲಿ ಹ್ಯಾರಿಸ್ ಇಲ್ಲಿ ಸೋತಿದ್ದು ಸುಮಾರು 1 ಲಕ್ಷ 20 ಸಾವಿರ ಮತದಲ್ಲಿ. "ನೋಡಿ, ಶಪೀರೊ ಇದ್ದಿದ್ರೆ" ಅಂತ ಎಲ್ಲರೂ ಶುರು ಮಾಡಿದರು. ಕಳೆದು ನೋಡಿದೆ. ಟ್ರಂಪ್ 312, ಹ್ಯಾರಿಸ್ 226. ಆ 19ನ್ನು ಈಚೆಗೆ ಹಾಕಿದರೂ 293, 245. ಬೇಕಿದ್ದದ್ದು 270. ಮುಗೀತು ವಾದ.

ಸ್ವಂತ ರಾಜ್ಯ ಅನ್ನುವುದು ಅಷ್ಟು ನಂಬುವ ಸರಕೂ ಅಲ್ಲ. 1988ರಲ್ಲಿ ಟೆಕ್ಸಾಸ್‌ನ ಲಾಯ್ಡ್ ಬೆಂಟ್ಸನ್ ಜೋಡಿಯಾಗಿ ಇದ್ದೂ ಅಧ್ಯಕ್ಷ ಅಭ್ಯರ್ಥಿ ಡುಕಾಕಿಸ್‌ಗೆ ಟೆಕ್ಸಾಸ್ ಸಿಗಲಿಲ್ಲ. 2012ರಲ್ಲಿ ಪಾಲ್ ರಯಾನ್ ಇದ್ದೂ ರಾಮ್ನಿಗೆ ವಿಸ್ಕಾನ್ಸಿನ್ ಸಿಗಲಿಲ್ಲ. ರಾಜ್ಯ ನಿಜಕ್ಕೂ ತೊಡಕಾಗಿದ್ದು 2000ದಲ್ಲಿ, ಬೇರೆಯೇ ಕಾರಣಕ್ಕೆ. ಒಂದು ರಾಜ್ಯದ ಎಲೆಕ್ಟರ್‌ಗಳು (ಆ ಎಲೆಕ್ಟೋರಲ್ ಮತ ಹಾಕುವವರು) ತಮ್ಮದೇ ರಾಜ್ಯದ ಇಬ್ಬರಿಗೂ ಮತ ಹಾಕುವಂತಿಲ್ಲ ಅಂತ ಸಂವಿಧಾನ ಹೇಳುತ್ತದೆ. ಬುಷ್ ಟೆಕ್ಸಾಸ್, ಡಿಕ್ ಚೇನಿ ವಾಸ ಇದ್ದದ್ದೂ ಟೆಕ್ಸಾಸ್. ಚೇನಿ ತರಾತುರಿಯಲ್ಲಿ ತಮ್ಮ ಮತದಾರ ನೋಂದಣಿಯನ್ನು ವಯೋಮಿಂಗ್‌ಗೆ ಬದಲಾಯಿಸಿಕೊಂಡರು.

ಮೂರನೆಯದು ವಯಸ್ಸು. ನಾನು ಜಾಸ್ತಿ ತೂಕ ಕೊಡುವುದು ಇದಕ್ಕೇ. ಅಧ್ಯಕ್ಷರು ತೀರಿಕೊಂಡು ಅಥವಾ ರಾಜೀನಾಮೆ ಕೊಟ್ಟು ಉಪಾಧ್ಯಕ್ಷರು ಆ ಕುರ್ಚಿಗೆ ಬಂದದ್ದು ಒಂಬತ್ತು ಸಲ. ಟ್ರೂಮನ್ ಉಪಾಧ್ಯಕ್ಷರಾಗಿ ಮೂರು ತಿಂಗಳೂ ತುಂಬಿರಲಿಲ್ಲ, 1945ರ ಏಪ್ರಿಲ್ 12ಕ್ಕೆ ರೂಸ್‌ವೆಲ್ಟ್ ಹೋದರು. ಅಪ್ಪನಿಗೆ ಇದು ತಟ್ಟನೆ ಹೊಳೆಯಿತು. "ನಮ್ಮ ಜತ್ತಿಯವರ ಹಂಗೆ" ಅಂದರು. 1977ರ ಫೆಬ್ರುವರಿಯಲ್ಲಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗ ಜಮಖಂಡಿ ಕಡೆಯ ಬಿ.ಡಿ. ಜತ್ತಿ ಹಂಗಾಮಿ ರಾಷ್ಟ್ರಪತಿಯಾಗಿ ಜುಲೈವರೆಗೂ ನಡೆಸಿದರಲ್ಲ, ಅದು.

ಈ ಕಣ್ಣಲ್ಲಿ 2008 ನೋಡಿ. ಮೆಕೇನ್ ಅವರು ಅಲಾಸ್ಕಾದ ಗವರ್ನರ್ ಸಾರಾ ಪೇಲಿನ್ ಹೆಸರು ಹೇಳಿದ್ದು ಆಗಸ್ಟ್ 29ಕ್ಕೆ. ಅವತ್ತೇ ಮೆಕೇನ್‌ಗೆ 72 ತುಂಬಿತ್ತು. ಪೇಲಿನ್ ಗವರ್ನರ್ ಆಗಿ ಎರಡು ವರ್ಷವೂ ಆಗಿರಲಿಲ್ಲ. ಪಕ್ಷದವರು ಕುಣಿದಾಡಿದರು, ಸಭೆಗಳು ತುಂಬಿದವು. ಆಮೇಲೆ ಟಿವಿ ಸಂದರ್ಶನಗಳು ಬಂದವು. ನಾಳೆ ಬೆಳಿಗ್ಗೆ ಇವರೇ ಕುರ್ಚಿಯಲ್ಲಿ ಕೂರಬೇಕಾದರೆ ಅನ್ನುವ ಪ್ರಶ್ನೆ ಎದ್ದಿತು. ಅಭ್ಯರ್ಥಿಗೆ 50 ಆಗಿದ್ದರೆ ಆ ಪ್ರಶ್ನೆ ಇಷ್ಟು ಭಾರ ಆಗುತ್ತಿರಲಿಲ್ಲ, ಅಲ್ವಾ?

ಹಾಗಾಗಿ ಮೊದಲ ವಾರದ ಜೈಕಾರ ನೋಡಿ ನೋಟ್‌ಬುಕ್ಕಿನಲ್ಲಿ ಏನೂ ಬರೆಯಬೇಡಿ. 1984ರಲ್ಲಿ ಜೆರಾಲ್ಡಿನ್ ಫೆರಾರೊ ಹೆಸರು ಬಂದಾಗ ದೊಡ್ಡ ಪಕ್ಷವೊಂದರ ಮೊದಲ ಮಹಿಳೆ ಅಂತ ದೇಶವೇ ತಿರುಗಿ ನೋಡಿತ್ತು. ಕೊನೆಗೆ ಅವರನ್ನು ಆರಿಸಿದ್ದ ಮಾಂಡೇಲ್ ಗೆದ್ದಿದ್ದು ತಮ್ಮ ಮಿನೆಸೋಟಾ ಮತ್ತು ವಾಷಿಂಗ್ಟನ್ ಡಿ.ಸಿ. ಮಾತ್ರ.

ಕೊನೆಗೆ ಮತಪತ್ರ. ನಾನು ಅಂಚೆಯಲ್ಲಿ ಹಾಕುವವಳು. ಅಡುಗೆಮನೆ ಟೇಬಲ್ ಮೇಲೆ ಬಿಡಿಸಿಟ್ಟುಕೊಂಡು ಫೋನಿನಲ್ಲಿ ಅಪ್ಪನಿಗೆ ವಿವರಿಸಿದೆ. ಮೇಲೆ ಅಧ್ಯಕ್ಷರ ಹೆಸರು, ಕೆಳಗೇ ಉಪಾಧ್ಯಕ್ಷರದು, ಪಕ್ಕದಲ್ಲಿ ಒಂದೇ ಒಂದು ಖಾಲಿ ಮೊಟ್ಟೆಯಾಕಾರ. ಪೆನ್ನಿನಲ್ಲಿ ಅದನ್ನು ತುಂಬಬೇಕು. ಆಮೇಲೆ ಒಳಗಿನ ಗುಟ್ಟಿನ ಲಕೋಟೆಗೆ, ಅದನ್ನು ಹೊರಗಿನ ಲಕೋಟೆಗೆ. ಒಳಗಿನದನ್ನು ಮರೆತರೆ ವೋಟೇ ಲೆಕ್ಕಕ್ಕಿಲ್ಲ.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಇಬ್ಬರಿಗೂ ಸೇರಿ ಒಂದೇ ವೋಟಾ?" ಅಂದರು ಅಪ್ಪ. "ಇಷ್ಟು ದಿನ ನಾನು ಆಂಧ್ರದ ಅಳಿಯಂದು ಬೇರೆ ಎಣಿಸ್ತಾ ಇದ್ನಲ್ಲಮ್ಮಾ!"