ಯುದ್ಧದಿಂದ ನೆಲೆ ತಪ್ಪಿದ ಮೇಷ್ಟ್ರನ್ನ ನಿಮ್ಮ ಯೂನಿವರ್ಸಿಟಿಗೆ ಕರೆಸ್ಕೊಳ್ಳೋದು ಹೇಗೆ

ಜರ್ಮನಿ, ಇಂಗ್ಲೆಂಡ್ ಕಡೆ ಯೂನಿವರ್ಸಿಟಿಗಳಲ್ಲಿ ಕೆಲಸ ಮಾಡೋ ನಮ್ಮವರಿಗೆ ಇದು. ಉಕ್ರೇನ್‌ನಿಂದಲೋ ಸುಡಾನ್‌ನಿಂದಲೋ ಯಾರೋ ಒಬ್ರು, ಯಾವತ್ತೋ ಕಾನ್ಫರೆನ್ಸಲ್ಲಿ ಪರಿಚಯ ಆಗಿದ್ದವರು, ನಿಮ್ಮಲ್ಲಿ ಏನಾದ್ರೂ ಅವಕಾಶ ಇದ್ಯಾ ಅಂತ ಮೇಲ್ ಹಾಕ್ತಾರೆ, ನಾವು ಪಾಪ ಅಂದ್ಕೊಂಡು ನಾಲ್ಕು ಸಮಾಧಾನದ ಮಾತು ಬರೆದು ಎರಡು ಫೆಲೋಶಿಪ್ ಲಿಂಕ್ ಅಂಟಿಸಿ "ಅಪ್ಲೈ ಮಾಡಿ, ಒಳ್ಳೇದಾಗ್ಲಿ" ಅಂತ ಕಳಿಸಿ ಕೈ ತೊಳ್ಕೋತೀವಿ. ಕೆಲಸ ಕೆಡೋದೇ ಅಲ್ಲಿ. ಜರ್ಮನಿಯ ಹಂಬೋಲ್ಟ್ ಫೌಂಡೇಶನ್ ನಡೆಸೋ ಫಿಲಿಪ್ ಶ್ವಾರ್ಟ್ಸ್ ಫೆಲೋಶಿಪ್‌ಗೆ ಆ ಮನುಷ್ಯ ತಾನಾಗಿ ಅರ್ಜಿ ಹಾಕೋ ಹಾಗೇ ಇಲ್ಲ, ಕರೆಸ್ಕೊಳ್ಳೋ ಯೂನಿವರ್ಸಿಟಿನೇ ಹಾಕ್ಬೇಕು. ಅಂದ್ರೆ ನೀವು ಎದ್ದು ಓಡಾಡದೇ ಇದ್ರೆ ಅವರ ಹೆಸರು ಯಾವ ಮೇಜಿಗೂ ಬರಲ್ಲ.

(ಶ್ವಾರ್ಟ್ಸ್ ಯಾರು ಅಂದ್ರೆ, 1933ರಲ್ಲಿ ನಾಜಿಗಳಿಂದಾಗಿ ಫ್ರಾಂಕ್‌ಫರ್ಟ್ ಬಿಟ್ಟು ಜ್ಯೂರಿಕ್‌ಗೆ ಓಡಿ ಬಂದ ಪೆಥಾಲಜಿಸ್ಟ್. ಸುಮ್ನೆ ಕೂರದೆ, ತನ್ನ ಹಾಗೇ ಕೆಲಸ ಹೋದ ಪ್ರೊಫೆಸರ್‌ಗಳಿಗೋಸ್ಕರ ಒಂದು ಸಂಘ ಕಟ್ಟಿ ಎಷ್ಟೋ ಜನರನ್ನ ಇಸ್ತಾಂಬುಲ್ ಯೂನಿವರ್ಸಿಟಿಗೆ ಸೇರಿಸಿದ್ರು. ಓಡಿಸಿದ ದೇಶವೇ ಈಗ ಅವರ ಹೆಸರಲ್ಲಿ ದುಡ್ಡು ಕೊಡ್ತಿದೆ ನೋಡಿ.)

ಇಂಗ್ಲೆಂಡಲ್ಲಿ ದಾರಿ ಸ್ವಲ್ಪ ಬೇರೆ. ಅಲ್ಲಿ ಕಾರಾ ಅಂತ ಸಂಸ್ಥೆ ಇದೆ, ಅದೂ 1933ರದ್ದೇ, ವಿಲಿಯಂ ಬೆವರಿಜ್ ಶುರು ಮಾಡಿದ್ದು. ಅದಕ್ಕೆ ಆ ಮೇಷ್ಟ್ರು ನೇರವಾಗಿ ಬರೀಬಹುದು, ಅವರೇ ಯೂನಿವರ್ಸಿಟಿ ಹುಡುಕ್ತಾರೆ. ಅಮೆರಿಕದ ಕಡೆ ಸ್ಕಾಲರ್ಸ್ ಅಟ್ ರಿಸ್ಕ್ ಅನ್ನೋ ಸಂಸ್ಥೆ. ಇವೆರಡಕ್ಕೂ ಮೊದಲನೇ ವಾರದಲ್ಲೇ ಬರೆಸಿಬಿಡಿ, ಯಾಕಂದ್ರೆ ಈ ಮನುಷ್ಯನಿಗೆ ನಿಜವಾಗ್ಲೂ ಅಪಾಯ ಇದೆ ಅಂತ ಇವರು ಕೊಡೋ ಪತ್ರ ಮುಂದೆ ಫಿಲಿಪ್ ಶ್ವಾರ್ಟ್ಸ್ ಅರ್ಜಿಗೂ ಬೇಕಾಗತ್ತೆ, ಅದು ನಾಳೆ ಕೇಳಿದ್ರೆ ನಾಳಿದ್ದು ಸಿಗೋ ಪತ್ರ ಅಲ್ಲ.

ಮೊದಲನೇ ಉತ್ತರದಲ್ಲಿ ಏನು ಬರೀಬೇಕು? ಪ್ರಶ್ನೆ ಕೇಳಿ. ಪಾಸ್‌ಪೋರ್ಟ್ ಕೈಯಲ್ಲಿ ಇದ್ಯಾ, ಯಾವಾಗ ಮುಗಿಯತ್ತೆ, ಹೆಂಡತಿ ಮಕ್ಕಳು ಎಲ್ಲಿದಾರೆ, ಅಲ್ಲಿನ ಕೆಲಸ ಇನ್ನೂ ಇದ್ಯಾ, ಹೊರಗೆ ಬರೋಕೆ ಇಷ್ಟ ಇದ್ಯಾ. ಪಾಸ್‌ಪೋರ್ಟ್ ಪ್ರಶ್ನೆ ಸಣ್ಣದು ಅನ್ಕೋಬೇಡಿ, 2023ರ ಏಪ್ರಿಲಲ್ಲಿ ಖಾರ್ಟೂಮ್‌ನಲ್ಲಿ ಯುದ್ಧ ಶುರುವಾದಾಗ ಎಂಬಸಿಗಳು ರಾತ್ರೋರಾತ್ರಿ ಬೀಗ ಹಾಕಿ ಹೋದ್ವು, ವೀಸಾಗೆ ಅಂತ ಕೊಟ್ಟಿದ್ದ ಪಾಸ್‌ಪೋರ್ಟ್‌ಗಳು ಎಷ್ಟೋ ಜನರದ್ದು ಒಳಗೇ ಉಳಿದ್ವು. ಉಕ್ರೇನ್‌ನವರಿಗೆ ಈ ಕಷ್ಟ ಕಮ್ಮಿ, 2022ರ ಮಾರ್ಚಲ್ಲಿ ಯುರೋಪಿಯನ್ ಯೂನಿಯನ್ ತಾತ್ಕಾಲಿಕ ರಕ್ಷಣೆ ಅಂತ ಜಾರಿ ಮಾಡಿದ್ಮೇಲೆ ಇರೋಕೂ ಕೆಲಸ ಮಾಡೋಕೂ ಅನುಮತಿ ಸಿಗತ್ತೆ. ಬೇರೆ ದೇಶದವರಿಗೆ ಆ ಭಾಗ್ಯ ಇಲ್ಲ, ಅವರ ವೀಸಾಗೆ ತಿಂಗಳುಗಟ್ಟಲೆ ಟೈಮ್ ಇಟ್ಕೊಳ್ಳಿ.

ಇನ್ನೊಂದು, ಬಂದವರ ಫೋಟೋ ಹಾಕಿ "ನಮ್ಮ ಹೊಸ ಫೆಲೋ" ಅಂತ ವೆಬ್‌ಸೈಟಲ್ಲಿ ಮೆರೆಸೋ ಆಸೆ ನಿಮ್ಮ ಪ್ರೆಸ್ ಆಫೀಸ್‌ಗೆ ಇದ್ದೇ ಇರತ್ತೆ. ಬಂದವರನ್ನ ಕೇಳ್ದೆ ಹಾಕೋಕೆ ಬಿಡಬೇಡಿ. ಅವರ ಅಪ್ಪ ಅಮ್ಮ ಇನ್ನೂ ಆಕ್ರಮಿತ ಊರಲ್ಲಿ ಇರಬಹುದು.

ಈಗ ಬರೋಕೇ ಆಗದವರ ವಿಷಯ. 2022ರಲ್ಲಿ ಉಕ್ರೇನ್ 18ರಿಂದ 60 ವಯಸ್ಸಿನ ಗಂಡಸರು ದೇಶ ಬಿಡೋ ಹಾಗಿಲ್ಲ ಅಂತ ಮಾಡ್ತು, ಒಂದಿಷ್ಟು ವಿನಾಯಿತಿ ಬಿಟ್ರೆ ಪ್ರೊಫೆಸರ್‌ಗಳೂ ಅದರಲ್ಲೇ ಬಂದ್ರು. ಇಂಥವರಿಗೆ ವಿಮಾನದ ಟಿಕೆಟ್ ತಗೊಂಡು ಏನಾಗ್ಬೇಕು? ದೂರದಿಂದಲೇ ಒಂದು ವಿಸಿಟಿಂಗ್ ಹುದ್ದೆ, ಒಂದು ಇಮೇಲ್ ಐಡಿ, ಲೈಬ್ರರಿ ಲಾಗಿನ್, ಸಾಧ್ಯ ಆದ್ರೆ ತಿಂಗಳಿಗೆ ಇಷ್ಟು ಅಂತ ಸ್ಟೈಪೆಂಡ್. ಅಮೆರಿಕದ ಇಂಡಿಯಾನಾ ಯೂನಿವರ್ಸಿಟಿ ಇದನ್ನೇ ಮಾಡ್ತು, ಉಕ್ರೇನಲ್ಲೇ ಇರೋ ವಿದ್ವಾಂಸರಿಗೆ ಅಲ್ಲಿಂದಲೇ ಕೆಲಸ ಮಾಡೋ ಫೆಲೋಶಿಪ್ ಕೊಡ್ತು. ಲೈಬ್ರರಿ ಲಾಗಿನ್‌ಗೆ ಖರ್ಚೇ ಇಲ್ಲ ಅನ್ನಬಹುದು, ಆದ್ರೂ ಐಟಿಯವರು "ಖುದ್ದಾಗಿ ಬಂದು ಐಡಿ ತೋರಿಸ್ಬೇಕು" ಅಂತ ಹಠ ಹಿಡಿದು ಕೂತ್ರೆ ಡೀನ್ ಕೈಲಿ ಒಂದು ಸಾಲು ಬರೆಸ್ಕೊಂಡು ಹೋಗಿ. ಸೆಮಿನಾರ್ ರೆಕಾರ್ಡ್ ಮಾಡಿ ಇಡಿ, ಅಲ್ಲಿ ಕರೆಂಟ್ ಇದ್ದಾಗ ನೋಡ್ಕೋತಾರೆ.

ನನಗೆ ಮುಖ್ಯ ಅನ್ನಿಸೋದು ಇದು. ಖಾರ್ಕಿವ್ ಅಂದ್ರೆ ಕನ್ನಡದವರಿಗೆ ಗೊತ್ತು, 2022ರ ಮಾರ್ಚ್ 1ಕ್ಕೆ ಹಾವೇರಿ ಜಿಲ್ಲೆಯ ಮೆಡಿಕಲ್ ಹುಡುಗ ತೀರಿಕೊಂಡ ಊರು. ಮಾರನೇ ದಿನ ಅಲ್ಲಿನ ಕರಾಜಿನ್ ಯೂನಿವರ್ಸಿಟಿಯ ಒಂದು ಕಟ್ಟಡ ಹೊತ್ತಿ ಉರೀತು. ಯೂನಿವರ್ಸಿಟಿ ಮಾತ್ರ ಮುಚ್ಚಲಿಲ್ಲ, ಆನ್‌ಲೈನ್‌ನಲ್ಲಿ ಪಾಠ ನಡೀತು. ಕೇಂಬ್ರಿಜ್ ಅವರ ಜೊತೆ ಜೋಡಿ ಯೂನಿವರ್ಸಿಟಿ ಅಂತ ಸಂಬಂಧ ಬೆಳೆಸ್ತು. ಅದಕ್ಕೂ ಮುಂಚೆ, 2014ರಲ್ಲಿ, ಡೊನೆಟ್ಸ್ಕ್ ಯೂನಿವರ್ಸಿಟಿ ಊರೇ ಬಿಟ್ಟು ವಿನ್ನಿಟ್ಸಿಯಾಗೆ ಹೋಗಿ ನೆಲೆ ನಿಂತಿತ್ತು. ಇವೆಲ್ಲ ಉಳಿದಿರೋದು ಮೇಷ್ಟ್ರುಗಳು ಪಾಠ ಬಿಡದೇ ಇದ್ದಿದ್ದಕ್ಕೆ. ನೀವು ಕರೆಸ್ಕೊಂಡವರನ್ನ ಪೂರ್ತಿ ನಿಮ್ಮ ಕೆಲಸಕ್ಕೇ ಹಚ್ಚಿಬಿಟ್ರೆ ಅಲ್ಲಿನ ಒಂದು ಕ್ಲಾಸ್ ನಿಂತ ಹಾಗೆ. ಹಾಗಾಗಿ ವಾರಕ್ಕೆ ಇಷ್ಟು ಗಂಟೆ ಸ್ವಂತ ಯೂನಿವರ್ಸಿಟಿಗೆ ಆನ್‌ಲೈನ್ ಪಾಠ ಮಾಡ್ತಾರೆ ಅಂತ ಆಫರ್ ಲೆಟರಲ್ಲೇ ಬರೆಸಿ, ಬಾಯಿಮಾತು ಬೇಡ.

ಎಚ್‌ಆರ್ ಜೊತೆ ಜಗಳ ಆಗೋದು ಸರ್ಟಿಫಿಕೇಟ್ ವಿಷಯಕ್ಕೆ. ಒರಿಜಿನಲ್ ಪಿಎಚ್‌ಡಿ ತನ್ನಿ ಅಂತಾರೆ. 2024ರ ಜನವರಿಯಲ್ಲಿ ಗಾಜಾದ ಇಸ್ರಾ ಯೂನಿವರ್ಸಿಟಿ ಕಟ್ಟಡವನ್ನ ಇಸ್ರೇಲ್ ಸೈನ್ಯ ಸಿಡಿಸಿ ಕೆಡವಿತು, ಅಂಥಾ ಕಡೆಯವರು ಯಾರ ಹತ್ರ ಹೋಗಿ ನಕಲು ಕೇಳ್ಬೇಕು? ಕೌನ್ಸಿಲ್ ಆಫ್ ಯುರೋಪ್ ನಿರಾಶ್ರಿತರಿಗೋಸ್ಕರ ಕ್ವಾಲಿಫಿಕೇಶನ್ ಪಾಸ್‌ಪೋರ್ಟ್ ಅಂತ ಒಂದು ಕೊಡತ್ತೆ, ಇರೋ ಚೂರುಪಾರು ದಾಖಲೆ ನೋಡಿ, ಇಂಟರ್‌ವ್ಯೂ ಮಾಡಿ. ಅದರ ಹೆಸರು ಹೇಳಿದ್ರೆ ಎಚ್‌ಆರ್ ಸ್ವಲ್ಪ ಮೆತ್ತಗಾಗ್ತಾರೆ.

ಬಂದ ಮೊದಲ ತಿಂಗಳು ಜರ್ಮನಿಯಲ್ಲಿ ನರಕ. ಮನೆ ವಿಳಾಸ ಇಲ್ದೆ ರಿಜಿಸ್ಟ್ರೇಶನ್ ಇಲ್ಲ, ರಿಜಿಸ್ಟ್ರೇಶನ್ ಇಲ್ದೆ ಎಷ್ಟೋ ಬ್ಯಾಂಕಲ್ಲಿ ಅಕೌಂಟ್ ಇಲ್ಲ, ಅಕೌಂಟ್ ಇಲ್ದೆ ಸ್ಟೈಪೆಂಡ್ ಇಲ್ಲ, ಸ್ಟೈಪೆಂಡ್ ಇಲ್ದೆ ಮನೆ ಇಲ್ಲ, ಮೇಲೆ ಮೂರು ತಿಂಗಳ ಬಾಡಿಗೆಯಷ್ಟು ಡೆಪಾಸಿಟ್ ಬೇರೆ ಕೇಳಬಹುದು. ಇದನ್ನ ಮುರಿಯೋಕೆ ಸುಲಭ ಉಪಾಯ ಯೂನಿವರ್ಸಿಟಿ ಗೆಸ್ಟ್‌ಹೌಸ್, ಅಲ್ಲಿ ರಿಜಿಸ್ಟ್ರೇಶನ್‌ಗೆ ಬೇಕಾದ ಚೀಟಿ ಕೊಡ್ತಾರಾ ಅಂತ ರೂಮ್ ಬುಕ್ ಮಾಡೋ ಮುಂಚೆ ಕೇಳಿ. ಡೆಪಾಸಿಟ್‌ಗೆ ಡಿಪಾರ್ಟ್‌ಮೆಂಟಲ್ಲಿ ಚಂದಾ ಎತ್ತಿ, ಸಂಕೋಚ ಬೇಡ.

ರಷ್ಯಾದವರು ಬರೆದ್ರೆ? 2022ರಲ್ಲಿ ಅಲ್ಲಿನ ರೆಕ್ಟರ್‌ಗಳ (ನಮ್ಮ ವೈಸ್ ಚಾನ್ಸಲರ್ ಇದ್ದ ಹಾಗೆ) ಒಕ್ಕೂಟ ಯುದ್ಧಕ್ಕೆ ಜೈ ಅಂದಿದ್ದು ನಿಜ, ಅದಕ್ಕೆ ಯುರೋಪಿಯನ್ ಯೂನಿವರ್ಸಿಟಿ ಅಸೋಸಿಯೇಶನ್ 12 ಸದಸ್ಯ ಯೂನಿವರ್ಸಿಟಿಗಳನ್ನ ಅಮಾನತು ಮಾಡಿದ್ದೂ ನಿಜ. ಆದ್ರೆ ಯುದ್ಧ ಬೇಡ ಅಂತ ಸಹಿ ಹಾಕಿದ ವಿಜ್ಞಾನಿಗಳು ಸಾವಿರಗಟ್ಟಲೆ ಇದ್ರು. ಸಂಸ್ಥೆಗೆ ಬಾಗಿಲು ಹಾಕಿ, ಮನುಷ್ಯನ ಮೇಲ್‌ಗೆ ಉತ್ತರ ಕೊಡಿ.

ಕೊನೇದು, ಫೆಲೋಶಿಪ್ ಮುಗಿದ್ಮೇಲೆ ಏನು ಅನ್ನೋದು. 1935ರಲ್ಲಿ ಸಿ.ವಿ. ರಾಮನ್ ಅವರು ಜರ್ಮನಿಯಲ್ಲಿ ಕೆಲಸ ಕಳ್ಕೊಂಡಿದ್ದ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್‌ರನ್ನ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ಗೆ, ಅಂದ್ರೆ ಐಐಎಸ್‌ಸಿಗೆ, ಕರೆಸಿದ್ರು, ಖಾಯಂ ಮಾಡ್ಕೊಳ್ಳೋಕೆ ಒದ್ದಾಡಿದ್ರು, ಒಳಗಿನವರೇ ಅಡ್ಡ ಬಂದ್ರು. ಬಾರ್ನ್ 1936ರಲ್ಲಿ ಎಡಿನ್‌ಬರೋಗೆ ಹೋದ್ರು, 1954ರಲ್ಲಿ ನೊಬೆಲ್ ಬಂತು. ಫಿಲಿಪ್ ಶ್ವಾರ್ಟ್ಸ್ ಸಿಗೋದು 24 ತಿಂಗಳಿಗೆ. ಹಾಗಾಗಿ 12ನೇ ತಿಂಗಳಲ್ಲೇ ಡೀನ್ ಮುಂದೆ ಕೂತು ಮುಂದಿನ ಹುದ್ದೆಗೆ ದುಡ್ಡು ಎಲ್ಲಿಂದ ಅಂತ ಕೇಳಿ, ಅಷ್ಟರಲ್ಲಿ ಅವರ ಹೆಸರಲ್ಲಿ ಒಂದು ಗ್ರಾಂಟ್ ಅರ್ಜಿಯಾದ್ರೂ ಹೋಗಿರ್ಲಿ, ನಿಮ್ಮ ಹೆಸರು ಎರಡನೇದಾಗಿ ಇದ್ರೆ ಸಾಕು.