ಪ್ರಾಜೆಕ್ಟ್ ಹನುಮಂತನ ಬಾಲವಾಗದಂತೆ ನೋಡಿಕೊಳ್ಳುವುದು ಹೇಗೆ?

‘ಇದೊಂದು ಸೇರಿಸಿಬಿಡಿ, ಅರ್ಧ ಗಂಟೆ ಕೆಲಸ ಅಷ್ಟೇ.’ ಪ್ರಾಜೆಕ್ಟ್‌ಗಳಲ್ಲಿ ದುಡಿದ ಎಲ್ಲರೂ ಈ ಮಾತು ಕೇಳಿರುತ್ತಾರೆ. ಬೇಡಿಕೆ ಇಟ್ಟವರಲ್ಲಿ ಕೆಟ್ಟ ಉದ್ದೇಶ ಇರುವುದಿಲ್ಲ, ಒಪ್ಪಿಕೊಂಡವರಲ್ಲೂ ಇರುವುದಿಲ್ಲ. ಆದರೂ ಇಂಥ ಅರ್ಧ ಗಂಟೆಗಳು ಒಂದರ ಮೇಲೊಂದು ಬಿದ್ದು ಗಡುವು ಮೀರುತ್ತದೆ, ದುಡ್ಡು ಮುಗಿಯುತ್ತದೆ, ಕೊನೆಗೆ ಮನಸ್ಸುಗಳೂ ಮುರಿಯುತ್ತವೆ. ಒಪ್ಪಿಕೊಂಡ ಕೆಲಸದ ವ್ಯಾಪ್ತಿ ಯಾರಿಗೂ ಗೊತ್ತಾಗದ ಹಾಗೆ ಹನುಮಂತನ ಬಾಲದಂತೆ ಬೆಳೆಯುವುದಕ್ಕೆ ಈ ಕ್ಷೇತ್ರದವರು ‘ಸ್ಕೋಪ್ ಕ್ರೀಪ್’ ಎನ್ನುತ್ತಾರೆ.

ನಾನು ಇದನ್ನು ಕಲಿತದ್ದು ಒಂದು ಗ್ರಂಥಾಲಯದ ಕೆಲಸದಲ್ಲಿ. ಒಪ್ಪಂದದಲ್ಲಿ ಇದ್ದದ್ದು ‘ಪುಸ್ತಕಗಳ ವಿವರದ ಕಂಪ್ಯೂಟರೀಕರಣ’ ಎಂಬ ಒಂದೇ ಸಾಲು. ನಾವು ಸಾಫ್ಟ್‌ವೇರ್ ಸಿದ್ಧ ಮಾಡಿದೆವು. ಒಪ್ಪಿಸುವ ವಾರ ಗ್ರಂಥಪಾಲಕರು ನನ್ನನ್ನು ಒಳಗಿನ ಕೋಣೆಗೆ ಕರೆದೊಯ್ದು ಮೂರು ಬೀರುಗಳ ಬಾಗಿಲು ತೆರೆದರು. ತುಂಬ ಹಳೆಯ ರಿಜಿಸ್ಟರ್‌ಗಳು. ‘ಸಾರ್, ಇವನ್ನೆಲ್ಲ ಯಾವತ್ತಿಂದ ಏರಿಸೋಕೆ ಶುರು ಮಾಡ್ತೀರಿ?’ ಎಂದು ಕೇಳಿದರು. ಅವರು ಆ ಸಾಲನ್ನು ಓದಿಕೊಂಡದ್ದು ಹಾಗೆ. ನಾವು ಓದಿಕೊಂಡದ್ದು ಹೀಗೆ. ಎರಡೂ ಪ್ರಾಮಾಣಿಕ ಓದೇ. ಆ ಕೆಲಸ ಮುಗಿಯಲು ಮತ್ತೆ ಐದು ತಿಂಗಳು ಹಿಡಿಯಿತು. ಕೆಳಗಿನ ಹೆಜ್ಜೆಗಳನ್ನು ಆ ಬೀರುಗಳನ್ನು ನೆನಪಿಟ್ಟುಕೊಂಡೇ ಬರೆಯುತ್ತಿದ್ದೇನೆ.

ಹೆಜ್ಜೆ 1: ಯಾಕೆ ಎಂಬುದು ಒಂದೇ ವಾಕ್ಯದಲ್ಲಿರಲಿ

ಈ ಪ್ರಾಜೆಕ್ಟ್ ಮುಗಿದ ಮೇಲೆ ಯಾರಿಗೆ ಏನು ಸುಲಭವಾಗಬೇಕು? ‘ಓದುಗರು ಪುಸ್ತಕ ಎಲ್ಲಿದೆ ಎಂದು ಸಿಬ್ಬಂದಿಯನ್ನು ಕೇಳದೆ ತಾವೇ ಹುಡುಕಿಕೊಳ್ಳಬೇಕು’ ಎನ್ನುವಷ್ಟು ಸರಳವಾಗಿರಲಿ. ಮುಂದೆ ಬರುವ ಪ್ರತಿ ಬೇಡಿಕೆಯನ್ನೂ ಈ ವಾಕ್ಯದ ಪಕ್ಕದಲ್ಲಿಟ್ಟು ನೋಡಬಹುದು.

ಹೆಜ್ಜೆ 2: ಕೈಗೆ ಕೊಡುವುದೇನು, ಮುಗಿಯಿತೆಂದು ತಿಳಿಯುವುದು ಹೇಗೆ?

ಕೊನೆಗೆ ಹಸ್ತಾಂತರಿಸುವ ವಸ್ತುಗಳನ್ನು ಪಟ್ಟಿ ಮಾಡಿ: ಹುಡುಕಾಟದ ಪುಟ, ಎರವಲು ದಾಖಲೆ, ಸಿಬ್ಬಂದಿಯ ಕೈಪಿಡಿ, ಎರಡು ದಿನದ ತರಬೇತಿ. ಪ್ರತಿಯೊಂದರ ಎದುರೂ ಅದನ್ನು ಒಪ್ಪಿಕೊಳ್ಳುವ ಅಳತೆ ಬೇಕು. ‘ಬೇಗ ಹುಡುಕಿ ಕೊಡಬೇಕು’ ಎಂದು ಬರೆದರೆ ಜಗಳಕ್ಕೆ ಜಾಗ ಬಿಟ್ಟಂತೆ. ‘50 ಜನ ಒಟ್ಟಿಗೆ ಬಳಸುತ್ತಿದ್ದರೂ 3 ಸೆಕೆಂಡಿನೊಳಗೆ ಉತ್ತರ ಬರಬೇಕು’ ಎಂದು ಬರೆದರೆ ಯಾರು ಬೇಕಾದರೂ ಪರೀಕ್ಷಿಸಬಹುದು. ಒಪ್ಪಿಗೆ ಕೊಡುವವರು ಯಾರು ಎಂಬುದನ್ನೂ ಇಲ್ಲೇ ಬರೆಯಿರಿ. ಅದು ಒಬ್ಬರೇ ಆಗಿರಲಿ.

ಹೆಜ್ಜೆ 3: ಸೇರದ್ದರ ಪಟ್ಟಿ

ವ್ಯಾಪ್ತಿಯ ದಾಖಲೆಯಲ್ಲಿ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಪುಟ ಇದು, ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ಸೇರಿದ್ದನ್ನು ಎಷ್ಟೇ ವಿವರವಾಗಿ ಬರೆದರೂ ಓದುವವರು ಅದರ ಅಂಚಿನಾಚೆ ತಮ್ಮ ನಿರೀಕ್ಷೆ ಜೋಡಿಸಿಕೊಳ್ಳುತ್ತಾರೆ. ಆ ಅಂಚಿನಲ್ಲಿ ಬೇಲಿ ಕಾಣಬೇಕು. ನಮ್ಮ ಆ ಕೆಲಸಕ್ಕೆ ಬೇಕಿದ್ದದ್ದು ಇಷ್ಟೇ:

‘ಹಳೆಯ ರಿಜಿಸ್ಟರ್‌ಗಳ ವಿವರ ಏರಿಸುವುದು ಈ ಪ್ರಾಜೆಕ್ಟ್‌ನಲ್ಲಿ ಸೇರಿಲ್ಲ. ಮೊಬೈಲ್ ಆ್ಯಪ್ ಸೇರಿಲ್ಲ. ಕಂಪ್ಯೂಟರ್, ಪ್ರಿಂಟರ್ ಖರೀದಿ ಸೇರಿಲ್ಲ. ಹಸ್ತಾಂತರವಾದ 30 ದಿನಗಳ ನಂತರದ ದುರಸ್ತಿ ಸೇರಿಲ್ಲ.’

ಈ ನಾಲ್ಕು ಸಾಲು ಮೊದಲ ದಿನವೇ ಇದ್ದಿದ್ದರೆ ಗ್ರಂಥಪಾಲಕರು ಅವತ್ತೇ ‘ಅಯ್ಯೋ, ಹಾಗಾದರೆ ರಿಜಿಸ್ಟರ್ ಯಾರು ಏರಿಸುತ್ತಾರೆ?’ ಎಂದು ಕೇಳುತ್ತಿದ್ದರು. ಆ ಪ್ರಶ್ನೆ ಬೇಗ ಹುಟ್ಟಬೇಕು, ಅದಕ್ಕಾಗಿಯೇ ಈ ಪಟ್ಟಿ. ಇದನ್ನು ಬರೆಯುವಾಗ ಗಿರಾಕಿಗೆ ಬೇಸರವಾದೀತೇನೋ ಎಂದು ಹಿಂಜರಿಯಬೇಡಿ. ಆರಂಭದ ಬೇಸರ ಅರ್ಧ ಗಂಟೆಯ ಮಾತಿನಲ್ಲಿ ಕರಗುತ್ತದೆ.

ಪಟ್ಟಿ ಮಾಡುವ ಸುಲಭ ಉಪಾಯವೊಂದಿದೆ. ಸಂಬಂಧಪಟ್ಟವರನ್ನೆಲ್ಲ ಕೂರಿಸಿ, ‘ಕೆಲಸ ಮುಗಿದ ಮರುದಿನ ನೀವು ಏನು ಮಾಡುತ್ತಿರುತ್ತೀರಿ?’ ಎಂದು ಒಬ್ಬೊಬ್ಬರನ್ನೇ ಕೇಳಿ. ಅವರ ಉತ್ತರದಲ್ಲಿದ್ದು ನಿಮ್ಮ ಪಟ್ಟಿಯಲ್ಲಿ ಇಲ್ಲದ್ದೆಲ್ಲ ಒಂದೋ ಸೇರಿದ್ದಕ್ಕೆ ಹೋಗಬೇಕು, ಇಲ್ಲವೇ ಸೇರದ್ದಕ್ಕೆ.

ಹೆಜ್ಜೆ 4: ಕೆಲಸವನ್ನು ಒಡೆಯಿರಿ

ದೊಡ್ಡ ಕೆಲಸವನ್ನು ಮರದ ಕೊಂಬೆಗಳಂತೆ ಒಡೆಯುತ್ತಾ ಹೋಗುವುದಕ್ಕೆ ಡಬ್ಲ್ಯೂಬಿಎಸ್ (ವರ್ಕ್ ಬ್ರೇಕ್‌ಡೌನ್ ಸ್ಟ್ರಕ್ಚರ್) ಎಂದು ಹೆಸರು. ಅಮೆರಿಕದ ರಕ್ಷಣಾ ಇಲಾಖೆ ಮತ್ತು ನಾಸಾ 1962ರಲ್ಲಿ ಜಂಟಿಯಾಗಿ ಹೊರತಂದ ಮಾರ್ಗದರ್ಶಿಯಲ್ಲಿ ಈ ವಿಧಾನ ಇತ್ತು. ಪಾಲಿಸಬೇಕಾದ್ದು ಶೇ 100ರ ನಿಯಮ: ಕೆಳಗಿನ ಕೊಂಬೆಗಳನ್ನು ಕೂಡಿಸಿದರೆ ಮೇಲಿನ ಕೊಂಬೆ ಪೂರ್ತಿ ಬರಬೇಕು, ಕಡಿಮೆಯೂ ಆಗಬಾರದು, ಹೆಚ್ಚೂ ಆಗಬಾರದು. ಕೊನೆಯ ತುಂಡು 8 ಗಂಟೆಗಿಂತ ಚಿಕ್ಕದಾಗದಿರಲಿ, 80 ಗಂಟೆಗಿಂತ ದೊಡ್ಡದಾಗದಿರಲಿ ಎಂಬ ರೂಢಿಯ ಲೆಕ್ಕವೂ ಉಂಟು. ಈ ಮರದಲ್ಲಿ ಜಾಗವಿಲ್ಲದ ಕೆಲಸ ಯಾರಾದರೂ ಮಾಡುತ್ತಿದ್ದರೆ ಅದು ವ್ಯಾಪ್ತಿಯ ಹೊರಗಿನದು ಎಂದು ತಕ್ಷಣ ತಿಳಿಯುತ್ತದೆ.

ಹೆಜ್ಜೆ 5: ಆದ್ಯತೆ ಮತ್ತು ಸಹಿ

ಬೇಡಿಕೆಗಳನ್ನು ನಾಲ್ಕು ಗುಂಪು ಮಾಡಿ: ಇರಲೇಬೇಕಾದ್ದು, ಇರಬೇಕಾದ್ದು, ಇದ್ದರೆ ಒಳ್ಳೆಯದು, ಈ ಬಾರಿ ಬೇಡ. ಸಾಫ್ಟ್‌ವೇರ್‌ನವರು ‘ಮಾಸ್ಕೋ’ (ಮಸ್ಟ್, ಶುಡ್, ಕುಡ್, ವೋಂಟ್ ಎಂಬ ಇಂಗ್ಲಿಷ್ ಪದಗಳಿಂದಾದ ಹೆಸರು) ಎನ್ನುವ ಈ ಪದ್ಧತಿಯನ್ನು 1994ರಲ್ಲಿ ರೂಪಿಸಿದವರು ಸಾಫ್ಟ್‌ವೇರ್ ತಜ್ಞ ಡೈ ಕ್ಲೆಗ್. ‘ಇರಲೇಬೇಕಾದ್ದು’ ಒಟ್ಟು ಶ್ರಮದ ಶೇ 60 ಮೀರದಿರಲಿ ಎಂದು ಇದನ್ನು ಬಳಸುವ ಡಿಎಸ್‌ಡಿಎಂ ಎಂಬ ಪ್ರಾಜೆಕ್ಟ್ ನಿರ್ವಹಣಾ ವಿಧಾನ ಹೇಳುತ್ತದೆ. ಎಲ್ಲವೂ ಇರಲೇಬೇಕು ಎಂದರೆ, ತೊಡಕು ಬಂದಾಗ ಬಿಟ್ಟುಕೊಡಲು ಏನೂ ಉಳಿದಿರುವುದಿಲ್ಲ.

ನಂತರ ಎರಡೂ ಕಡೆಯವರ ಸಹಿ, ತಾರೀಖು, ಆವೃತ್ತಿ ಸಂಖ್ಯೆ. ಇಲ್ಲಿಂದ ಮುಂದೆ ಅಳತೆಗೋಲು ಈ ದಾಖಲೆಯೇ. ಇದಕ್ಕೆ ಬೇಸ್‌ಲೈನ್ ಎನ್ನುತ್ತಾರೆ.

ಹೆಜ್ಜೆ 6: ಬದಲಾವಣೆಗೆ ಒಂದೇ ಬಾಗಿಲು

ಬದಲಾವಣೆ ಬರುವುದೇ ತಪ್ಪು ಎಂದು ನಾನು ಹೇಳುವುದಿಲ್ಲ. ಕೆಲಸ ಸಾಗಿದಂತೆ ಎಲ್ಲರ ತಿಳಿವಳಿಕೆಯೂ ಬೆಳೆಯುತ್ತದೆ, ಬೇಡಿಕೆ ಬದಲಾಗುವುದು ಸಹಜ. ಬದಲಾವಣೆ ಹಿಂಬಾಗಿಲಿನಿಂದ ನುಸುಳಿದಾಗ ತೊಂದರೆ ಶುರುವಾಗುತ್ತದೆ.

ಸಿಡ್ನಿಯ ಆಪೆರಾ ಹೌಸ್ ಕತೆ ನೋಡಿ. 1957ರಲ್ಲಿ ಡೆನ್ಮಾರ್ಕ್‌ನ ವಾಸ್ತುಶಿಲ್ಪಿ ಯಾರ್ನ್ ಉಟ್ಜನ್ ಅವರ ವಿನ್ಯಾಸ ಆಯ್ಕೆಯಾಯಿತು. 1963ಕ್ಕೆ, 70 ಲಕ್ಷ ಆಸ್ಟ್ರೇಲಿಯನ್ ಡಾಲರ್‌ನಲ್ಲಿ ಮುಗಿಯಬೇಕಿತ್ತು. ಚಾವಣಿ ನಿಲ್ಲಿಸುವುದು ಹೇಗೆಂಬುದು ಬಗೆಹರಿಯುವ ಮೊದಲೇ, ಸರ್ಕಾರದ ಅವಸರದಿಂದ 1959ರಲ್ಲಿ ಕೆಲಸ ಶುರುವಾಯಿತು. ಕೆಳಗೆ ಕಟ್ಟಿದ ಕಂಬಗಳು ಆ ಚಾವಣಿಯ ಭಾರಕ್ಕೆ ಸಾಲದೆ, ಅವನ್ನು ಮತ್ತೆ ಕಟ್ಟಬೇಕಾಯಿತು. 1966ರಲ್ಲಿ ಉಟ್ಜನ್ ಹೊರನಡೆದರು. ಆಮೇಲೆ, ಆಪೆರಾ (ಹಾಡಿನಲ್ಲೇ ನಡೆಯುವ ನಾಟಕ) ಮತ್ತು ಸಂಗೀತ ಕಛೇರಿ ಎರಡಕ್ಕೂ ಎಂದಿದ್ದ ದೊಡ್ಡ ಸಭಾಂಗಣ ಕಛೇರಿಗೆ ಮಾತ್ರ ಎಂದಾಯಿತು. ಅಷ್ಟರಲ್ಲಿ ಅಳವಡಿಸಿದ್ದ ರಂಗಯಂತ್ರಗಳನ್ನು ಕಿತ್ತು ತೆಗೆದರು. ಆಪೆರಾ ಚಿಕ್ಕ ಸಭಾಂಗಣಕ್ಕೆ ಹೋಯಿತು. ಉದ್ಘಾಟನೆಯಾದದ್ದು 1973ರಲ್ಲಿ, ಖರ್ಚು 10.2 ಕೋಟಿ ಡಾಲರ್. ಅದು ಇಂದು ವಿಶ್ವ ಪರಂಪರೆಯ ತಾಣ, ಅದ್ಭುತ ಕಟ್ಟಡ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಸಭಾಂಗಣ ಯಾವುದಕ್ಕೆ ಎಂಬ ಪ್ರಶ್ನೆಗೆ ಯಂತ್ರ ಕೂರಿಸಿದ ಮೇಲೆ ಉತ್ತರ ಬದಲಾದರೆ ಎಷ್ಟು ದುಬಾರಿಯಾಗುತ್ತದೆ ಎಂಬುದನ್ನೂ ಅದು ತೋರಿಸುತ್ತದೆ.

ನೀವು ಮಾಡಬೇಕಾದ್ದು ಒಂದು ಪುಟದ ಬದಲಾವಣೆ ಅರ್ಜಿ. ಏನು ಬೇಕು, ಯಾಕೆ, ಕೇಳಿದವರು ಯಾರು, ಎಷ್ಟು ದಿನ ಹೆಚ್ಚಾಗುತ್ತದೆ, ಖರ್ಚೆಷ್ಟು, ಬೇರೆ ಯಾವ ಭಾಗಕ್ಕೆ ಪೆಟ್ಟು, ನಿರ್ಧಾರವೇನು. ಫೋನಿನಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಬೇಡಿಕೆಯನ್ನೂ ಇದೇ ಪುಟಕ್ಕೆ ಇಳಿಸಿ. ‘ಆಗಲ್ಲ’ ಎನ್ನುವ ಅಗತ್ಯವೇ ಹೆಚ್ಚಾಗಿ ಬರುವುದಿಲ್ಲ. ‘ಖಂಡಿತ ಮಾಡೋಣ, ಆರು ದಿನ ಜಾಸ್ತಿ ಆಗುತ್ತೆ. ಗಡುವು ಮುಂದೆ ಹಾಕೋಣವೇ, ಅಥವಾ ವರದಿಗಳ ಪುಟ ಬಿಟ್ಟು ಇದನ್ನು ತಗೊಳ್ಳೋಣವೇ?’ ಎಂದು ಕೇಳಿದರೆ ಸಾಕು. ಎಷ್ಟೋ ಸಲ ಎದುರಿನವರೇ ‘ಹಾಗಾದರೆ ಮುಂದಿನ ಹಂತದಲ್ಲಿ ನೋಡೋಣ’ ಎನ್ನುತ್ತಾರೆ. ಸಮಯ, ಖರ್ಚು, ಕೆಲಸ ಈ ಮೂರೂ ಒಂದೇ ತ್ರಿಕೋನದ ಬದಿಗಳು. 1969ರಲ್ಲಿ ಬ್ರಿಟನ್ನಿನ ಎಂಜಿನಿಯರ್ ಮಾರ್ಟಿನ್ ಬಾರ್ನ್ಸ್ ಮೊದಲು ಬರೆದು ತೋರಿಸಿದ ಈ ತ್ರಿಕೋನದಲ್ಲಿ ಒಂದು ಬದಿ ಉದ್ದವಾಗಿ ಉಳಿದೆರಡು ಹಾಗೇ ಇರಲು ಸಾಧ್ಯವಿಲ್ಲ.

ನಿಮ್ಮ ತಂಡದ ಮೇಲೂ ಕಣ್ಣಿರಲಿ. ಯಾರೂ ಕೇಳದ ಸೌಲಭ್ಯವನ್ನು ಉತ್ಸಾಹದಿಂದ ಸೇರಿಸುವುದು ಕೂಡ ವ್ಯಾಪ್ತಿ ಮೀರಿದ್ದೇ. ಅದಕ್ಕೂ ಪರೀಕ್ಷೆ, ದುರಸ್ತಿ, ತರಬೇತಿ ಬೇಕಾಗುತ್ತದೆ. ಅದೇ ಅರ್ಜಿ ಅವರಿಗೂ ಅನ್ವಯಿಸಲಿ.

ಹೆಜ್ಜೆ 7: ವಾರಕ್ಕೊಮ್ಮೆ ಹೋಲಿಸಿ, ತುಂಡುತುಂಡಾಗಿ ಒಪ್ಪಿಸಿ

ವಾರಕ್ಕೆ 15 ನಿಮಿಷ ಸಾಕು. ಸಹಿ ಮಾಡಿದ ದಾಖಲೆ ಒಂದು ಕಡೆ, ನಡೆಯುತ್ತಿರುವ ಕೆಲಸ ಇನ್ನೊಂದು ಕಡೆ. ಸಿದ್ಧವಾದ ಭಾಗವನ್ನು ಕೊನೆಯವರೆಗೂ ಇಟ್ಟುಕೊಳ್ಳದೆ ಆಗಾಗ ತೋರಿಸಿ ಒಪ್ಪಿಗೆ ಪಡೆಯಿರಿ. ಆಗ ಬೀರುವಿನ ಬಾಗಿಲು ಕೊನೆಯ ವಾರದಲ್ಲಿ ತೆರೆಯುವುದು ತಪ್ಪುತ್ತದೆ. ಒಪ್ಪದ ಬದಲಾವಣೆ ಅರ್ಜಿಗಳನ್ನು ಎಸೆಯಬೇಡಿ, ಒಂದು ಫೈಲಿನಲ್ಲಿ ಕೂಡಿಡಿ. ಎರಡನೇ ಹಂತಕ್ಕೆ ಅನುಮತಿ ಸಿಕ್ಕ ದಿನ ಮೇಜಿನ ಮೇಲೆ ಮೊದಲು ಬಿಚ್ಚುವುದು ಆ ಫೈಲನ್ನೇ.