ಶಾಂಘೈಯ ಬಾವ್‌ಝ ಅಂಗಡಿಯಲ್ಲಿ ತಿನ್ನುವ ಬಗೆ

ಕೆಲಸಕ್ಕಾಗಲಿ ಪ್ರವಾಸಕ್ಕಾಗಲಿ ಶಾಂಘೈಗೆ ಹೋದವರು ಒಂದು ದಿನವಾದರೂ ತಂಗಿದ ಹೋಟೆಲಿನ ಉಪಾಹಾರವನ್ನು ಬಿಟ್ಟು, ಬೆಳಗಿನ ಏಳು ಗಂಟೆಯ ಹೊತ್ತಿಗೆ ಪಕ್ಕದ ಬೀದಿಯ ಬಾವ್‌ಝ ಅಂಗಡಿಗೆ ಹೋಗಬೇಕೆಂಬುದು ನನ್ನ ಒತ್ತಾಯ. ಹುದುಗಿಸಿದ ಗೋಧಿ ಹಿಟ್ಟಿನೊಳಗೆ ಹೂರಣ ತುಂಬಿ, ನಮ್ಮ ಮೋದಕದ ಹಾಗೆ ನೆತ್ತಿಯಲ್ಲಿ ಮಡಿಕೆ ಹಿಡಿದು ಹಬೆಯಲ್ಲಿ ಬೇಯಿಸಿದ ತಿನಿಸೇ ಬಾವ್‌ಝ. ಬಿಸಿಬಿಸಿಯಾಗಿ, ಕಡಿಮೆ ಬೆಲೆಗೆ ಸಿಗುತ್ತದೆ. ಆದರೆ ಗೋಡೆಯ ಮೇಲಿನ ಪಟ್ಟಿ ಚೀನೀ ಲಿಪಿಯಲ್ಲಿರುತ್ತದೆ, ಬೆನ್ನ ಹಿಂದೆ ಸಾಲು ಬೆಳೆಯುತ್ತಿರುತ್ತದೆ, ಮಾರುವವರಿಗೆ ವಿವರಿಸಿ ಹೇಳುವಷ್ಟು ಪುರುಸೊತ್ತು ಇರುವುದಿಲ್ಲ. ಆದ್ದರಿಂದ ಕೆಲವು ಸಂಗತಿಗಳನ್ನು ಮೊದಲೇ ತಿಳಿದು ಹೋಗುವುದು ಒಳ್ಳೆಯದು.

ಭಾರತದಿಂದ ಹೊರಡುವ ಮುನ್ನವೇ ಮೊಬೈಲಿನಲ್ಲಿ ಅಲಿಪೇ ಅಥವಾ ವೀಚಾಟ್ ಹಾಕಿಕೊಂಡು, ವಿದೇಶದಲ್ಲಿ ನಡೆಯುವ ಕಾರ್ಡನ್ನು ಅದಕ್ಕೆ ಜೋಡಿಸಿಕೊಳ್ಳಬೇಕು. ಅಲ್ಲಿ ಬಹುತೇಕ ಎಲ್ಲರೂ ಕ್ಯೂಆರ್ ಕೋಡ್ ಮೂಲಕವೇ ಹಣ ಕೊಡುತ್ತಾರೆ. ಗೂಗಲ್ ಸೇವೆಗಳು ಅಲ್ಲಿನ ಜಾಲದಲ್ಲಿ ತೆರೆಯುವುದಿಲ್ಲವಾದ್ದರಿಂದ, ಅನುವಾದದ ಆ್ಯಪ್‌ನಲ್ಲಿ ಚೀನೀ ಭಾಷೆಯನ್ನು ಆಫ್‌ಲೈನ್ ಬಳಕೆಗೆ ಇಳಿಸಿಕೊಂಡಿರಬೇಕು. ಜೇಬಿನಲ್ಲಿ ಟಿಶ್ಯೂ ಪೊಟ್ಟಣವೊಂದು ಇರಲಿ.

ಬೀದಿಗೆ ತೆರೆದ ಕಿಟಕಿಯಲ್ಲಿ ಬಾವ್‌ಝಗಳನ್ನು ಬಿಡಿಬಿಡಿಯಾಗಿ ಮಾರುತ್ತಾರೆ. ಬೇಕಾದದ್ದನ್ನು ತೋರಿಸಿ, ಹಣ ಕೊಟ್ಟು, ಕೈಯಲ್ಲಿ ಹಿಡಿದು ಹೊರಡಬಹುದು. ಒಳಗೆ ಕುಳಿತು ತಿನ್ನುವ ಅಂಗಡಿಗಳಲ್ಲಿ ಸಾಮಾನ್ಯವಾಗಿ ಮೊದಲು ಗಲ್ಲೆಯಲ್ಲಿ ಹಣ ಕೊಟ್ಟು ಚೀಟಿ ಪಡೆದು, ಅದನ್ನು ಅಡುಗೆಯವರ ಕಿಟಕಿಗೆ ಒಯ್ಯಬೇಕು. ನಮ್ಮ ದರ್ಶಿನಿಗಳಲ್ಲಿ ಟೋಕನ್ ಹಿಡಿದು ನಿಂತು ಅಭ್ಯಾಸವಿದ್ದವರಿಗೆ ಇದು ಹೊಸದೆನಿಸದು. ಖಾಲಿ ಮೇಜು ಸಿಗದಿದ್ದರೆ ಅಪರಿಚಿತರ ಎದುರು ಕುಳಿತುಕೊಳ್ಳಬಹುದು, ಯಾರೂ ತಪ್ಪು ತಿಳಿಯುವುದಿಲ್ಲ.

ಅಳತೆಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಶಾಂಘೈಯಲ್ಲಿ ಕಾವಲಿಯಲ್ಲಿ ಬೇಯಿಸುವ ಶೆಂಗ್‌ಜಿಯನ್ ಎಂಬ ಬಗೆಯನ್ನು ಬಿಡಿಯಾಗಿ ಲೆಕ್ಕ ಹಾಕದೆ ‘ಲಿಯಾಂಗ್’ ಲೆಕ್ಕದಲ್ಲಿ ಮಾರುವುದು ಹಳೆಯ ರೂಢಿ. ಒಂದು ಲಿಯಾಂಗ್ ಎಂದರೆ 50 ಗ್ರಾಂ. ಅದು ಹಿಟ್ಟಿನ ತೂಕವೇ ಹೊರತು ತಿನಿಸಿನ ತೂಕವಲ್ಲ, ಮತ್ತು ಅಷ್ಟಕ್ಕೆ ಸಾಮಾನ್ಯವಾಗಿ ನಾಲ್ಕು ಬರುತ್ತವೆ. ಇದು ತಿಳಿಯದೆ ನಾನು ಮೊದಲ ದಿನ ಎರಡು ಬೆರಳು ತೋರಿಸಿದೆ. ತಟ್ಟೆಯಲ್ಲಿ ಎಂಟು ಬಂದವು. ಒಬ್ಬರಿಗೆ ಒಂದು ಲಿಯಾಂಗ್ ಧಾರಾಳವಾಗಿ ಸಾಕು.

ಸಸ್ಯಾಹಾರಿಗಳು ಇನ್ನಷ್ಟು ಗಮನ ಕೊಡಬೇಕಾದದ್ದು ಹೂರಣಕ್ಕೆ. ಮಾಂಸವನ್ನು ಸೂಚಿಸುವ ‘ರೌ’ ಎಂಬ ಅಕ್ಷರವನ್ನು ಗುರುತಿಸಲು ಕಲಿತರೆ ಅರ್ಧ ಕೆಲಸ ಮುಗಿದಂತೆ: ಕೆಳಬದಿ ತೆರೆದಿರುವ ಚೌಕಟ್ಟಿನೊಳಗೆ ಇಬ್ಬರು ಪುಟ್ಟ ಮನುಷ್ಯರು, ಕಾಲು ಅಗಲಿಸಿ, ಒಬ್ಬರ ಕೆಳಗೊಬ್ಬರು ನಿಂತ ಹಾಗೆ ಅದು ಕಾಣುತ್ತದೆ. ಬೇರೆ ಹೆಸರಿಲ್ಲದೆ ಬರಿದೆ ‘ರೌ’ ಎಂದಿದ್ದರೆ ಅದು ಹಂದಿಮಾಂಸವೇ. ಏಡಿಯ ಹೂರಣವೆಂದು ಮಾರುವ ಬಾವ್‌ಝಗಳಲ್ಲಿಯೂ ಸಾಮಾನ್ಯವಾಗಿ ಹಂದಿಮಾಂಸ ಬೆರೆತಿರುತ್ತದೆ. ಉತ್ತರ ಚೀನಾದಲ್ಲಿ ‘ಮಾಂತೌ’ ಎಂದರೆ ಹೂರಣವಿಲ್ಲದ ಸಾದಾ ಬನ್ನು, ಆದರೆ ಶಾಂಘೈಯವರು ಹೂರಣ ತುಂಬಿದ್ದನ್ನೂ ಮಾಂತೌ ಎಂದೇ ಕರೆಯುತ್ತಾರೆ. ಬೀಜಿಂಗ್‌ನಲ್ಲಿ ಕಲಿತ ಪದವನ್ನು ನಂಬಿ ಇಲ್ಲಿ ಕಚ್ಚಬಾರದು. ಒಳಗೆ ಸಾರು ತುಂಬಿದ ಶಿಯಾವ್‌ಲೊಂಗ್‌ಬಾವ್‌ನ ಗುಟ್ಟು ಹಂದಿಯ ಚರ್ಮದಲ್ಲಿದೆ. ಚರ್ಮವನ್ನು ಕುದಿಸಿ, ಆರಿಸಿ, ಗಟ್ಟಿಯಾದ ಲೋಳೆಯನ್ನು ಹೂರಣಕ್ಕೆ ಕಲಸಿರುತ್ತಾರೆ, ಹಬೆಯಲ್ಲಿ ಅದು ಕರಗಿ ಸಾರಾಗುತ್ತದೆ.

ಸಸ್ಯಾಹಾರಿಗಳು ಕೇಳಬೇಕಾದದ್ದು ‘ತ್ಸಾಯ್‌ಬಾವ್’, ಎಂದರೆ ಹಸಿರು ಸೊಪ್ಪು ಮತ್ತು ಶಿಟಾಕೆ ಅಣಬೆಯ ಹೂರಣದ್ದು. ‘ವೋ ಛ್ರ್ ಸು’ (ನಾನು ಸಸ್ಯಾಹಾರಿ) ಎಂದು ಹೇಳುವುದರ ಜೊತೆಗೆ, ತಂಗಿದ ಹೋಟೆಲಿನವರಿಂದ ಆ ಮಾತನ್ನು ಚೀನೀ ಲಿಪಿಯಲ್ಲಿ ಬರೆಸಿಕೊಂಡು ತೋರಿಸುವುದು ಹೆಚ್ಚು ಭರವಸೆಯ ದಾರಿ. ಆದರೂ ಸೊಪ್ಪಿನ ಹೂರಣಕ್ಕೆ, ಸಿಹಿಯಾದ ಕೆಂಪು ಬೀನ್ಸ್ ಕಾಳಿನ ಹೂರಣಕ್ಕೆ ಕೂಡ ಹಂದಿಯ ಕೊಬ್ಬು ಸೇರಿಸುವುದುಂಟು. ಕಟ್ಟುನಿಟ್ಟಾಗಿ ನಡೆದುಕೊಳ್ಳುವವರು ಬೀದಿಯ ಅಂಗಡಿಯನ್ನು ಬಿಟ್ಟು, ಜೇಡ್ ಬುದ್ಧ ದೇವಾಲಯ ಅಥವಾ ಲೊಂಗ್‌ಹುವಾ ದೇವಾಲಯದ ಸಸ್ಯಾಹಾರಿ ಭೋಜನಶಾಲೆಗೋ, 1922ರಲ್ಲಿ ಆರಂಭವಾದ ಗೊಂಗ್‌ದಲಿನ್ ಎಂಬ ಸಸ್ಯಾಹಾರಿ ಉಪಾಹಾರಗೃಹಕ್ಕೋ ಹೋಗುವುದು ಲೇಸು.

ಮಾಂಸಾಹಾರಿಗಳಿಗೆ ಶಿಯಾವ್‌ಲೊಂಗ್‌ಬಾವ್ ತಿನ್ನುವ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅವಸರ ಮಾಡಿದವರ ನಾಲಿಗೆ ಸುಡುವುದು ಖಂಡಿತ. ಇದರ ಮೂಲ ಶಾಂಘೈಯ ಅಂಚಿನ ನಾನ್‌ಶಿಯಾಂಗ್ ಪಟ್ಟಣವೆನ್ನುತ್ತಾರೆ. ಬಿದಿರಿನ ಬುಟ್ಟಿಯ ಮುಚ್ಚಳ ತೆಗೆದಾಗ ಹಬೆ ಇಳಿಯುವವರೆಗೆ ಕಾಯಿರಿ. ನೆತ್ತಿಯ ಮಡಿಕೆಗಳು ಸೇರುವ ಗಟ್ಟಿ ಭಾಗವನ್ನು ಚಾಪ್‌ಸ್ಟಿಕ್‌ನಿಂದ ಹಿಡಿದು ಮೆಲ್ಲನೆ ಎತ್ತಿದರೆ, ಸಾರಿನ ಭಾರಕ್ಕೆ ಕೆಳಗಿನ ತೆಳುಪದರ ಜೋತು ಬೀಳುತ್ತದೆ, ಆದರೆ ಹರಿಯುವುದಿಲ್ಲ. ಅದನ್ನು ಕೂಡಲೇ ಚಮಚದ ಮೇಲಿಡಿ. ‘ಮೊದಲು ಕಿಟಕಿ ತೆರೆ, ಆಮೇಲೆ ಸಾರು ಹೀರು’ ಎಂಬುದು ಅಲ್ಲಿನವರ ಮಾತು. ಪಕ್ಕದಲ್ಲಿ ಚಿಕ್ಕದಾಗಿ ಕಚ್ಚಿ, ಊದಿ, ಸಾರನ್ನು ಹೀರಿದ ಮೇಲೆಯೇ ಉಳಿದದ್ದನ್ನು ಬಾಯಿಗಿಡಬೇಕು. ಜೊತೆಗಿಡುವ ಕಪ್ಪು ದ್ರವ ಸೋಯಾ ಸಾಸ್ ಅಲ್ಲ, ಝೆನ್‌ಜಿಯಾಂಗ್ ಊರಿನ ಹೆಸರು ಹೊತ್ತ, ಅಂಟಕ್ಕಿಯಿಂದ ತಯಾರಾಗುವ ವಿನೆಗರ್. ಸಣ್ಣಗೆ ಹೆಚ್ಚಿದ ಶುಂಠಿ ಎಳೆಗಳ ಜೊತೆ ಅದನ್ನು ಬೆರೆಸಿಕೊಂಡರೆ ಕೊಬ್ಬಿನ ಜಿಡ್ಡು ನಾಲಿಗೆಗೆ ಅಂಟುವುದಿಲ್ಲ.

ಶೆಂಗ್‌ಜಿಯನ್‌ನ ತಳ ಕಾವಲಿಯ ಎಣ್ಣೆಯಲ್ಲಿ ಗರಿಗರಿಯಾಗಿ ಕೆಂಪಗಾಗಿರುತ್ತದೆ, ಮೇಲೆ ಎಳ್ಳು ಮತ್ತು ಈರುಳ್ಳಿ ಸೊಪ್ಪು ಉದುರಿಸಿರುತ್ತಾರೆ. ಸಾರು ಇದರೊಳಗೂ ಇದೆ. ನಡುವೆ ಜೋರಾಗಿ ಕಚ್ಚಿದರೆ ಎದುರಿಗೆ ಕುಳಿತವರ ಅಂಗಿಯವರೆಗೂ ಚಿಮ್ಮುತ್ತದೆಯಾದ್ದರಿಂದ ಇಲ್ಲಿಯೂ ಮೇಲಿನ ಅಂಚಿನಿಂದಲೇ ಆರಂಭಿಸಬೇಕು.

ಕುಡಿಯಲು ಬಿಸಿ ಸೋಯಾ ಹಾಲು, ಎಂದರೆ ದೌಜಿಯಾಂಗ್, ಎಲ್ಲಕ್ಕೂ ಹೊಂದುತ್ತದೆ. ಉಪ್ಪಿನದರಲ್ಲಿ ಒಣ ಸಿಗಡಿ ಹಾಕುವುದು ವಾಡಿಕೆಯಾದ್ದರಿಂದ ಸಸ್ಯಾಹಾರಿಗಳು ‘ತಿಯೆನ್’, ಎಂದರೆ ಸಿಹಿಯದನ್ನೇ ಕೇಳಬೇಕು. ಟಿಪ್ಸ್ ಕೊಡುವ ಪದ್ಧತಿ ಅಲ್ಲಿಲ್ಲ. ತಿಂದು ಮುಗಿದ ಕೂಡಲೇ ಎದ್ದು ಜಾಗ ಬಿಟ್ಟುಕೊಡಿ, ನಿಮ್ಮ ಕುರ್ಚಿಗಾಗಿ ಯಾರೋ ಬಿಸಿ ತಟ್ಟೆ ಹಿಡಿದು ನಿಂತಿರುತ್ತಾರೆ.